ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಸ್ಟ್ರೀಮ್: ಏಳು ವರ್ಷ ನೋಡಿದ ಮೇಲೆ

"ಈ ಗೇಮ್ ಕತೆ ಮುಗಿಯಿತು, ಯಾರೂ ನೋಡುವುದಿಲ್ಲ" ಅಂತ ಪ್ರತಿ ವರ್ಷ ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ಟ್ರೀಮ್ ಅಂದರೆ ಒಬ್ಬರು ಗೇಮ್ ಆಡುವುದರ ನೇರಪ್ರಸಾರ; ಅದರ ಕೆಳಗೆ ಎಷ್ಟು ಜನ ನೋಡುತ್ತಿದ್ದಾರೆ ಅಂತ ಬರುತ್ತದಲ್ವಾ, ಅದನ್ನೇ ತೋರಿಸಿ ಹೇಳುತ್ತಾರೆ. ನಾನು ಏಳು ವರ್ಷದಿಂದ ಹೆಚ್ಚುಕಮ್ಮಿ ದಿನಾ ಈ ಸ್ಟ್ರೀಮ್‌ಗಳನ್ನು ನೋಡುತ್ತಾ ಬಂದವನು. ಆ ಲೆಕ್ಕ ಹಿಡಿದು ಈ ಗೇಮನ್ನು ಅಳೆಯಬೇಡಿ ಅನ್ನುವುದೇ ನನ್ನ ಮಾತು.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಗೇಮ್ ಮೊಬೈಲಿಗೆ ಬಂದದ್ದು 2018ರ ಅಕ್ಟೋಬರ್ 30ಕ್ಕೆ, ನಾನು ಹಾಕಿಕೊಂಡದ್ದು ಆ ವರ್ಷದ ಕೊನೆಗೆ. ಎರಡು ಮೂರು ತಿಂಗಳು ಆಡಿದೆ. ಅಷ್ಟರಲ್ಲಿ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಸಮಯ ಬಂತು. ರಾತ್ರಿ ಊಟ ಆದ ಮೇಲೆ ಎಲ್ಲರೂ ಜಗಲಿಯಲ್ಲಿ ಸುಲಿಯಲು ಕೂರುವುದು, ಎರಡೂ ಕೈ ಕೆಲಸದಲ್ಲಿ, ಇನ್ನು ಆಡುವುದೆಲ್ಲಿ? ಫೋನನ್ನು ಗೋಣಿಗೆ ಒರಗಿಸಿಟ್ಟು ಬೇರೆಯವರು ಆಡುವುದನ್ನು ನೋಡಿದೆ. ಅಲ್ಲಿಂದ ಬಿಟ್ಟದ್ದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರೂನ್‌ಸ್ಕೇಪ್ ಶುರುವಾದದ್ದು 2001ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ. ವರ್ಷ ಹೋದ ಹಾಗೆ ಅದು ತುಂಬ ಬದಲಾಯಿತು, ಹಳಬರಿಗೆ ಬೇಸರ ಆಯಿತು. ಹಳೆಯದನ್ನು ವಾಪಸ್ ಕೊಡಿ ಅಂತ ನಾಲ್ಕು ಲಕ್ಷಕ್ಕಿಂತ ಜಾಸ್ತಿ ವೋಟು ಬಿತ್ತು. ಆಗ ಗೇಮ್ ನಡೆಸುವ ಜಾಗೆಕ್ಸ್ ಕಂಪನಿ 2007ರ ಆಗಸ್ಟ್ ತಿಂಗಳ ಒಂದು ಬ್ಯಾಕಪ್ ಹುಡುಕಿ ತೆಗೆದು 2013ರ ಫೆಬ್ರವರಿ 22ಕ್ಕೆ ಬಿಟ್ಟದ್ದೇ ಈ ಓಲ್ಡ್ ಸ್ಕೂಲ್. ಈಗಲೂ ದೊಡ್ಡದೇನಾದರೂ ಹೊಸತು ಸೇರಿಸಬೇಕಾದರೆ ಆಟಗಾರರ ವೋಟು ಬೇಕು, ನೂರಕ್ಕೆ 70 ಜನ ಹೂಂ ಅನ್ನಬೇಕು.

ಈ ಗೇಮ್ ನೋಡಲು ಯಾಕೆ ಇಷ್ಟು ಹಿತ ಅಂತ ನನಗೆ ಸುಲಿಯುವಾಗಲೇ ಗೊತ್ತಾದದ್ದು. ಇಲ್ಲಿ ಎಲ್ಲ ನಡೆಯುವುದು 0.6 ಸೆಕೆಂಡಿನ ಒಂದೊಂದು ಟಿಕ್ ಲೆಕ್ಕದಲ್ಲಿ. ಗೇಮಿನಲ್ಲಿ ಮರ ಕಡಿಯುವಾಗ ಕೊಡಲಿ ಬೀಸುತ್ತದೆ, ನಿಲ್ಲುತ್ತದೆ, ಮತ್ತೆ ಬೀಸುತ್ತದೆ. ಕತ್ತಿಯ ಮೇಲೆ ಅಡಿಕೆ ಒತ್ತಿ ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕಿ ತಲೆ ಎತ್ತಿದರೆ ಏನೂ ತಪ್ಪಿಹೋಗಿರುವುದಿಲ್ಲ. ಬೇರೆ ಗೇಮಿನ ಸ್ಟ್ರೀಮಿನಲ್ಲಿ ಹೀಗೆ ಆಗುವುದಿಲ್ಲ, ಒಮ್ಮೆ ಕಣ್ಣು ತಿರುಗಿಸಿದರೆ ಮೂರು ಜನ ಸತ್ತಿರುತ್ತಾರೆ. ಮರ ಕಡಿಯುವಂಥ ಒಂದು ಕೆಲಸದಲ್ಲಿ 99ನೇ ಲೆವೆಲ್ ಮುಟ್ಟಲು 1,30,34,431 ಪಾಯಿಂಟ್ ಬೇಕು, 92ಕ್ಕೆ ಬಂದಾಗ ಇನ್ನೂ ಅರ್ಧ ದಾರಿ. ಹಾಗಾಗಿ ಸ್ಟ್ರೀಮ್ ಮಾಡುವವರಿಗೂ ಅವಸರ ಇಲ್ಲ, ಮಾತಾಡುತ್ತಾ ಇರುತ್ತಾರೆ. ಇನ್ನೊಂದು ಅನುಕೂಲ: ಹಳೇ ಗ್ರಾಫಿಕ್ಸ್ ಆದ್ದರಿಂದ ನೆಟ್ ನಿಧಾನ ಇದ್ದು ಚಿತ್ರ ಮಸುಕಾದರೂ ಏನು ನಡೆಯುತ್ತಿದೆ ಅಂತ ತಿಳಿಯುತ್ತದೆ.

ಇನ್ನು ಆ ಲೆಕ್ಕದ ವಿಷಯ. ಅಲ್ಲಿ ಕಾಣುವುದು ಆ ಗಳಿಗೆಯಲ್ಲಿ ತೆರೆದಿಟ್ಟ ಸ್ಕ್ರೀನ್ ಎಷ್ಟು ಅಂತ ಮಾತ್ರ. ಹೆಸರಿರುವ ಒಬ್ಬ ಸ್ಟ್ರೀಮರ್ ಬೇರೆ ಗೇಮಿಗೆ ಹೋದರೆ ಅವನ ಹಿಂದೆ ಸಾವಿರಾರು ಜನ ಹೋಗುತ್ತಾರೆ, ಯಾವ ಗೇಮಿಗೆ ಎಷ್ಟು ನೋಡುಗರು ಅನ್ನುವ ಪಟ್ಟಿಯಲ್ಲಿ ಗೇಮ್ ದಿಢೀರನೆ ಕೆಳಗೆ ಬೀಳುತ್ತದೆ. ಆಡುವವರು ಒಬ್ಬರೂ ಕಡಿಮೆ ಆಗಿರುವುದಿಲ್ಲ! ಲೀಗ್, ಅಂದರೆ ಕೆಲವು ವಾರ ಮಾತ್ರ ಬೇರೆ ನಿಯಮದಲ್ಲಿ ನಡೆಯುವ ವಿಶೇಷ ಆಟ, ಶುರುವಾದರೆ ಉಲ್ಟಾ. 2024ರ ನವೆಂಬರಿನಲ್ಲಿ ರೇಜಿಂಗ್ ಎಕೋಸ್ ಲೀಗ್ ಬಂದಾಗ ಪಟ್ಟಿ ತುಂಬಿಹೋಗಿತ್ತು, ಲೀಗ್ ಮುಗಿಯುತ್ತಾ ಬಂದ ಹಾಗೆ ಮತ್ತೆ ನಮ್ಮ ಮಾಮೂಲಿ ಜನವೇ ಉಳಿದರು. ಇದೇ ಥರ ಹಳೇ ರೂಪದಲ್ಲಿ ವಾಪಸ್ ಬಂದ ಇನ್ನೊಂದು ಗೇಮ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ನೆನಪಿದೆಯಾ? 2019ರಲ್ಲಿ, ನಮ್ಮ ಗಡಿಯಾರದಲ್ಲಿ ಆಗಸ್ಟ್ 27ರ ನಸುಕಿನ ಮೂರೂವರೆಗೆ ಬಿಟ್ಟರು, ಸ್ಟ್ರೀಮ್ ನೋಡುವ ಟ್ವಿಚ್ ತಾಣದಲ್ಲಿ ಒಟ್ಟಿಗೆ 11 ಲಕ್ಷಕ್ಕೂ ಜಾಸ್ತಿ ಜನ ನೋಡಿದರು. ಆ ಜನ ಅಷ್ಟೇ ಬೇಗ ಕರಗಿಯೂ ಹೋದರು, ಗೇಮ್ ಮಾತ್ರ ಇವತ್ತಿಗೂ ನಡೆಯುತ್ತಿದೆ. ಇತ್ತ ಓಲ್ಡ್ ಸ್ಕೂಲಿನಲ್ಲಿ ಒಂದೇ ಹೊತ್ತಿಗೆ ಆಡುವವರ ಸಂಖ್ಯೆ 2025ರಲ್ಲಿ 2 ಲಕ್ಷ ದಾಟಿತು. ಹುಟ್ಟಿ 12 ವರ್ಷ ಆದ ಮೇಲೆ! ನೋಡುವವರ ಲೆಕ್ಕ ಹಿಡಿದುಕೊಂಡು ಕೂತವರಿಗೆ ಇದು ಕಾಣುವುದೇ ಇಲ್ಲ.

ಮೊನ್ನೆ ಮಾರ್ಚಿನಲ್ಲಿ ಮಾವ ಪಕ್ಕದಲ್ಲೇ ಸುಲಿಯುತ್ತಾ ಕೂತಿದ್ದರು. ಫಿನ್‌ಲೆಂಡಿನ ಒಬ್ಬ ಹುಡುಗನ ಸ್ಟ್ರೀಮ್ ಹಾಕಿದ್ದೆ, ನಮಗೆ ರಾತ್ರಿ ಹನ್ನೊಂದು ಅಂದರೆ ಅವನಿಗೆ ಸಂಜೆ ಏಳೂವರೆ.

"ಎಂತ ಮಾರಾಯ, ಇವ ಆಗಿನಿಂದ ಮರವೇ ಕಡೀತಾ ಇದ್ದಾನಲ್ಲ? ಎಷ್ಟು ಜನ ನೋಡ್ತಾರೆ ಇದನ್ನು?"

"ಈಗ ನಲವತ್ತೊಂದು ಜನ, ಮಾವ."

"ನಲವತ್ತೊಂದಾ? ನಮ್ಮಲ್ಲಿ ಆಟಕ್ಕೆ ಬೆಳಗಿನ ಜಾವ ಅಷ್ಟು ಜನ ಎಚ್ಚರ ಇದ್ದು ಕೂತರೆ ಭಾಗವತರಿಗೆ ಎಷ್ಟು ಖುಷಿ ಗೊತ್ತುಂಟಾ?"

ಮಾವ ಹೇಳಿದ್ದು ಯಕ್ಷಗಾನದ ಆಟ. ಅವರು ಸುಮ್ನೆ ಹೇಳಿದ್ದಲ್ಲ, ಎಷ್ಟೋ ಮೇಳದ ಆಟಕ್ಕೆ ಬೆಳಗಿನ ತನಕ ಕೂತು ಬಂದವರು.

ಆ ದಿನವೇ ಹುಡುಗ ಮರ ಕಡಿಯುವುದು ಬಿಟ್ಟು ಫೈಟ್ ಕೇವ್ ಅನ್ನುವ ಕಾಳಗದ ಗುಹೆಗೆ ಹೋದ. 63 ಸುತ್ತು, ಕೊನೆಯ ಸುತ್ತಿನಲ್ಲಿ ಜಾಡ್ ಅನ್ನುವ ದೈತ್ಯ. ಜಾಡ್ ಮುಂಗಾಲನ್ನು ನೆಲಕ್ಕೆ ಬಡಿದರೆ ರೇಂಜ್, ಅಂದರೆ ದೂರದಿಂದ ಎಸೆಯುವ ಹೊಡೆತ, ಎದ್ದು ನಿಂತು ಕಾಲು ತೂಗಾಡಿಸಿದರೆ ಮ್ಯಾಜಿಕ್. ಏಟು ಬೀಳುವುದರೊಳಗೆ ಅದನ್ನು ತಡೆಯುವ ಸರಿಯಾದ ಪ್ರೇಯರ್ ಬಟನ್ ಒತ್ತಬೇಕು, ತಪ್ಪಿದರೆ ಒಂದೇ ಏಟಿಗೆ ಜೀವದ ಪಾಯಿಂಟ್ 97ರವರೆಗೂ ಹೋಗುತ್ತದೆ. ಹುಡುಗ ಮಾತು ನಿಲ್ಲಿಸಿದ. ಚಾಟ್‌ನಲ್ಲೂ ಒಂದಕ್ಷರ ಇಲ್ಲ, ನಲವತ್ತೊಂದು ಜನವೂ ಟೈಪ್ ಮಾಡುವುದು ಬಿಟ್ಟು ಅವನ ಜೊತೆ ಕೂತಿದ್ದರು. ನನ್ನ ಕೈಯಲ್ಲಿ ಅರ್ಧ ಸುಲಿದ ಅಡಿಕೆ ಹಾಗೇ ಇತ್ತು. ಜಾಡ್ ಬಿದ್ದ ಕೂಡಲೇ ಚಾಟ್ ಓಡಿದ್ದು ನೋಡಬೇಕಿತ್ತು! ಕೂಗಿದವರೆಲ್ಲ ನನಗೆ ವರ್ಷಗಳಿಂದ ಗೊತ್ತಿರುವ ಹೆಸರುಗಳೇ. ಹತ್ತು ಸಾವಿರ ಜನ ಇರುವ ಚಾನೆಲ್‌ನಲ್ಲಿ ಈ ಮೌನ ಸಿಗುವುದಿಲ್ಲ. ಅಲ್ಲಿ ಚಾಟ್ ಓದಲಿಕ್ಕೇ ಆಗುವುದಿಲ್ಲ.

ತೊಂದರೆಯೂ ಇದೆ. ನಾನು ನೋಡುವ ಎರಡು ಮೂರು ಆ್ಯಪ್‌ಗಳಲ್ಲಿ ಒಂದರಲ್ಲಿ ಸರಿಯಾಗಿ ಇಂಥ ಹೊತ್ತಿಗೇ ಜಾಹೀರಾತು ಬರುತ್ತದೆ, ತುಂಬ ಕಿರಿಕಿರಿ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋದರೆ ಸರಿಮಾಡುವವರು ಬರಲು ಕೆಲವೊಮ್ಮೆ ವಾರ ಹಿಡಿಯುತ್ತದೆ, ಮೊಬೈಲ್ ಡೇಟಾ ಸಂಜೆಯೊಳಗೆ ಖಾಲಿ. ಸಣ್ಣ ಚಾನೆಲ್‌ಗಳಿಗೆ ಇನ್ನೊಂದು ಕಷ್ಟ, ಹೇಳದೆ ಕೇಳದೆ ನಿಂತುಬಿಡುತ್ತವೆ. ನನ್ನ ಪಟ್ಟಿಯಲ್ಲಿ ಹೀಗೆ ನಿಂತುಹೋದದ್ದು ಐದಾರು ಇವೆ, ತೆಗೆದುಹಾಕಲು ಮನಸ್ಸು ಬರುವುದಿಲ್ಲ.

ಹೊಸಬರು ಮೊದಲ ದಿನ ದೊಡ್ಡ ಚಾನೆಲ್ ನೋಡಿ, ಗೇಮ್ ಏನು ಅಂತ ತಿಳಿಯಲಿ. ಎರಡನೇ ದಿನ ಪಟ್ಟಿಯ ಕೆಳಗೆ ಹೋಗಿ, ಮೂವತ್ತು ನಲವತ್ತು ಜನ ಇರುವ ಕಡೆ ಒಂದು ನಮಸ್ಕಾರ ಹಾಕಿ ಕೂತುಕೊಳ್ಳಿ. ನಿಮ್ಮ ಹೆಸರು ಓದಿ ಮಾತಾಡಿಸುತ್ತಾರೆ. 2025ರ ನವೆಂಬರಿನಲ್ಲಿ ಗೇಮಿಗೆ ಸೈಲಿಂಗ್, ಅಂದರೆ ಹಡಗು ನಡೆಸುವ ಕೆಲಸ, ಬಂದ ಮೇಲೆ ಎಲ್ಲರೂ ಹಡಗು ಹತ್ತಿದ್ದಾರೆ, ಫಿನ್‌ಲೆಂಡಿನ ಹುಡುಗನೂ ಸಮುದ್ರದಲ್ಲೇ ಇದ್ದಾನೆ. ಮಾವ ಈಗ ಜಗಲಿಗೆ ಬಂದರೆ ಮೊದಲು ಕೇಳುವುದು, ಆ ಮರ ಕಡಿಯುವವ ಇವತ್ತು ಬಂದಿದ್ದಾನಾ ಅಂತ.