ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್ ಉಳಿಸಿಕೊಳ್ಳಬೇಡಿ

ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಚಾಲೂ ಆಗದಿದ್ದಾಗ ರಿಪೇರಿಗೆ ಬಂದವರು ಮೊದಲು ಅನುಮಾನ ಪಡುವುದು ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆಯ ಮೇಲೆ. ಅದನ್ನು ಬದಲಿಸಿದರೆ ತಪ್ಪೇನಿಲ್ಲ. ಆದರೆ ಪೆಟ್ಟಿಗೆಯನ್ನಷ್ಟೇ ಬದಲಿಸಿ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಕ್ಯಾಬಿನೆಟ್ಟಿನೊಳಗೆ ಇದ್ದ ಹಾಗೆಯೇ ಬಿಟ್ಟು, ಅವನ್ನೇ ಹೊಸ ಪೆಟ್ಟಿಗೆಗೆ ಸಿಕ್ಕಿಸಲು ಹೊರಟರೆ ಅಲ್ಲಿಯೇ ತಡೆಯಿರಿ. ನನ್ನ ಕಂಪ್ಯೂಟರಿನಲ್ಲಿ ಹೀಗೆ ಉಳಿದುಕೊಂಡ ಒಂದೇ ಒಂದು ಕೇಬಲ್ಲಿನಿಂದ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಕಡತ ಇಡುವ ಡ್ರೈವ್) ಸಂಪೂರ್ಣ ಹಾಳಾಯಿತು; ಒಂದು ಹಾರ್ಡ್ ಡಿಸ್ಕಿನಲ್ಲಿದ್ದ ಕಡತಗಳನ್ನು ಹೊರತೆಗೆಸುವುದಕ್ಕೆ ಆ ಡಿಸ್ಕಿನ ಬೆಲೆಗಿಂತ ಹೆಚ್ಚು ಹಣ ತೆರಬೇಕಾಯಿತು. ಇದರಲ್ಲಿ ಸಿಟ್ಟು ಬರಿಸುವ ಸಂಗತಿಯೆಂದರೆ, ಬದಲಿಸಿದ ಆ ಎಸ್‌ಎಂಪಿಎಸ್ ಕೆಟ್ಟೇ ಇರಲಿಲ್ಲ.

ನಾನು ದಾವಣಗೆರೆಯಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಕಂಪ್ಯೂಟರನ್ನು ಕಟ್ಟಿಕೊಟ್ಟವನು ನನ್ನ ಅಕ್ಕನ ಮಗ. ಬಿಡಿಭಾಗಗಳನ್ನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದಾಗಿ ಆರಿಸಿ ತಂದು, ರಜೆಯಲ್ಲಿ ನಮ್ಮ ಮನೆಯಲ್ಲೇ ಕುಳಿತು ಜೋಡಿಸಿದ್ದ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಪ್ರೊಸೆಸರ್, ಅದು ಕೂರುವ ಎಎಂ5 ಸಾಕೆಟ್ಟಿನ ಮದರ್‌ಬೋರ್ಡ್, ಡಿಡಿಆರ್5 ರ‍್ಯಾಮ್, ವಿಂಡೋಸ್ ಇರುವ, ಮದರ್‌ಬೋರ್ಡಿಗೇ ಸಿಕ್ಕಿಸುವ ಒಂದು ಎಂ.2 ಡ್ರೈವ್, ನಡೆಯುತ್ತಿರುವ ಕೆಲಸಕ್ಕೆ ಕೇಬಲ್ಲಿನಿಂದ ಜೋಡಿಸುವ ಸಾಟಾ ಬಗೆಯ 2.5 ಇಂಚಿನ ಎಸ್‌ಎಸ್‌ಡಿ, ಮುಗಿದ ಪುಸ್ತಕಗಳನ್ನು ಇಡಲು 3.5 ಇಂಚಿನ ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ ಮಾಡ್ಯುಲರ್ ಬಗೆಯದು, ಅಂದರೆ ಕೇಬಲ್‌ಗಳು ಪೆಟ್ಟಿಗೆಗೆ ಅಂಟಿಕೊಂಡಿರದೆ ಎರಡೂ ತುದಿಗಳಲ್ಲಿ ಬಿಚ್ಚಿ ತೆಗೆಯಲು ಬರುವಂಥದ್ದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಚಿತ್ರಗಳು ಹೆಚ್ಚಿರುವ ಪುಸ್ತಕವೊಂದು ಕೈಗೆ ಬಂದಾಗ ರ‍್ಯಾಮ್ ಸಾಲದೆ ಇನ್ನೆರಡು ಕಡ್ಡಿಗಳನ್ನು ಊರಿನ ಅಂಗಡಿಯೊಂದರಲ್ಲಿ ಕೊಂಡೆ. ಹಾಕಿಕೊಡಲು ಅಂಗಡಿಯವರೇ ತಮ್ಮ ತಂತ್ರಜ್ಞನನ್ನು ಕಳಿಸಿದರು. ಆತ ಕಡ್ಡಿಗಳನ್ನು ಕೂರಿಸಿ ಪವರ್ ಬಟನ್ ಒತ್ತಿದಾಗ ಫ್ಯಾನ್‌ಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಮದರ್‌ಬೋರ್ಡಿನ ಅಂಚಿನಲ್ಲಿ ಸಾಲಾಗಿರುವ ನಾಲ್ಕು ಪುಟ್ಟ ದೀಪಗಳ ಪೈಕಿ ರ‍್ಯಾಮ್‌ಗೆ ಸಂಬಂಧಿಸಿದ್ದು ಉರಿಯುತ್ತಲೇ ಇತ್ತು. ಒಂದು ನಿಮಿಷವೂ ಕಾಯದೆ ಆತ ಗೋಡೆಯ ಸ್ವಿಚ್ ಆರಿಸಿದ, ಮತ್ತೆ ಹಾಕಿದ, ಮತ್ತೆ ಆರಿಸಿದ. ಕೊನೆಗೆ, “ಸಪ್ಲೈ ವೀಕ್ ಆಗಿದೆ ಸರ್, ಲೋಡ್ ತಗೊಳ್ತಾ ಇಲ್ಲ” ಎಂದು ತೀರ್ಪು ಕೊಟ್ಟು, ಅಂಗಡಿಗೆ ಹೋಗಿ ಬೇರೆ ಕಂಪನಿಯ ಎಸ್‌ಎಂಪಿಎಸ್ ತಂದ.

ಎಎಂ5 ಬೋರ್ಡುಗಳಲ್ಲಿ ಈ ಕಪ್ಪು ಪರದೆ ಬಹುಮಟ್ಟಿಗೆ ರೋಗವೇ ಅಲ್ಲ. ಡಿಡಿಆರ್5 ರ‍್ಯಾಮನ್ನು ಹೊಸದಾಗಿ ಹಾಕಿದಾಗ ಅಥವಾ ಬದಲಿಸಿದಾಗ ಮದರ್‌ಬೋರ್ಡು ಆ ಕಡ್ಡಿಗಳೊಂದಿಗೆ ಯಾವ ಕಾಲಮಿತಿ, ಯಾವ ವೋಲ್ಟೇಜಿನಲ್ಲಿ ಮಾತುಕತೆ ಸರಿಹೋಗುತ್ತದೆ ಎಂದು ತಾನೇ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಅದು ಮುಗಿಯುವ ತನಕ ಪರದೆಯ ಮೇಲೆ ಏನೂ ಮೂಡುವುದಿಲ್ಲ, ರ‍್ಯಾಮಿನ ದೀಪ ಉರಿಯುತ್ತಿರುತ್ತದೆ, ಮತ್ತು ಕಡ್ಡಿಗಳು ನಾಲ್ಕಾದರೆ, ಅವುಗಳ ಸಾಮರ್ಥ್ಯ ಹೆಚ್ಚಿದ್ದರೆ, ಇದು ಹಲವು ನಿಮಿಷ ಹಿಡಿಯುತ್ತದೆ. ನಡುವೆ ವಿದ್ಯುತ್ ಕಡಿದರೆ ಮೊದಲಿನಿಂದ ಶುರು. ನಾಲ್ಕು ಕಡ್ಡಿ ಹಾಕಿದರೆ ವೇಗವೂ ಇಳಿಯುತ್ತದೆ. ರೈಜನ್ 7000 ಸರಣಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಕಡ್ಡಿಗಳಿಗೆ ಸೆಕೆಂಡಿಗೆ 5200 ದಶಲಕ್ಷ ವರ್ಗಾವಣೆ (ಎಂಟಿ/ಸೆ) ಇದ್ದರೆ ನಾಲ್ಕಕ್ಕೆ 3600 ಮಾತ್ರ. ರ‍್ಯಾಮ್ ಮಾರುವ ಅಂಗಡಿಯವರು ಈ ಮಾತನ್ನು ಗಿರಾಕಿಗೆ ಮೊದಲೇ ಹೇಳಬೇಕು, ನನಗೆ ಹೇಳಲಿಲ್ಲ.

ಇನ್ನು ಕೇಬಲ್ಲಿನ ವಿಷಯ. ಹಳೆಯ ಎಸ್‌ಎಂಪಿಎಸ್ ಬಿಚ್ಚಿದ ಮೇಲೆ ಆತ ಮದರ್‌ಬೋರ್ಡಿನ 24 ಪಿನ್ ಕೇಬಲ್ ಮತ್ತು ಪ್ರೊಸೆಸರಿನ 8 ಪಿನ್ ಕೇಬಲ್ ಎರಡನ್ನೂ ಹೊಸವೇ ಹಾಕಿದ, ಏಕೆಂದರೆ ಹಳೆಯವು ಹೊಸ ಪೆಟ್ಟಿಗೆಯ ತೂತುಗಳಿಗೆ ಹೊಂದಲಿಲ್ಲ. ಸಾಟಾ ಡ್ರೈವ್‌ಗಳಿಗೆ ವಿದ್ಯುತ್ ಕೊಡುವ ಕೇಬಲ್ ಮಾತ್ರ ಹೊಂದಿತು. ಅದು ಮದರ್‌ಬೋರ್ಡಿನ ತಟ್ಟೆಯ ಹಿಂಬದಿಯಲ್ಲಿ, ಡ್ರೈವ್ ಇಡುವ ಗೂಡಿನವರೆಗೆ ಅಲ್ಲಲ್ಲಿ ಟೈ ಬಿಗಿದು ಅಚ್ಚುಕಟ್ಟಾಗಿ ಎಳೆದ ಕೇಬಲ್. ಬಿಚ್ಚಬೇಕಾದರೆ ಆ ಕಡೆಯ ಬಾಗಿಲನ್ನೂ ತೆಗೆದು ಟೈಗಳನ್ನು ಕತ್ತರಿಸಬೇಕಿತ್ತು. “ಇದನ್ಯಾಕೆ ಬಿಚ್ಚೋದು ಸರ್, ಸಾಟಾ ಎಲ್ಲದಕ್ಕೂ ಒಂದೇ” ಎಂದು ಹೇಳಿ, ಅದರ ಆರು ಪಿನ್ನಿನ ತುದಿಯನ್ನು ಹೊಸ ಎಸ್‌ಎಂಪಿಎಸ್‌ಗೆ ಒತ್ತಿದ. ಟಕ್ ಎಂದು ಕೂತಿತು. ಒಂದು ಕೂದಲೆಳೆಯಷ್ಟೂ ಬಲ ಹಾಕಬೇಕಾಗಲಿಲ್ಲ, ಕೊಕ್ಕೆಯೂ ಸರಿಯಾಗಿ ಹಿಡಿಯಿತು. ಅನುಮಾನ ಪಡಲು ಕಣ್ಣಿಗೆ ಯಾವ ಕಾರಣವೂ ಕಾಣುವಂತಿರಲಿಲ್ಲ.

ಅಪಾಯ ಇರುವುದು ಇಲ್ಲಿಯೇ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕ ಮತ್ತು ಅದರ ಮುಂದಿನ ಆವೃತ್ತಿಗಳು ಕೇಬಲ್ಲಿನ ಒಂದು ತುದಿಗೆ, ಅಂದರೆ ಮದರ್‌ಬೋರ್ಡಿಗೆ, ಡ್ರೈವಿಗೆ ಹೋಗುವ ತುದಿಗೆ ಮಾತ್ರ ಕಟ್ಟುನಿಟ್ಟು ಹಾಕಿವೆ. ಎಸ್‌ಎಂಪಿಎಸ್ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್, ಯಾವುದರಲ್ಲಿ ಗ್ರೌಂಡ್ ಎಂಬುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಕನೆಕ್ಟರಿನ ಪ್ಲಾಸ್ಟಿಕ್ಕು ಮಾತ್ರ ಬಹುತೇಕ ಕಂಪನಿಗಳದ್ದು ಒಂದೇ ಬಗೆಯದಾದ್ದರಿಂದ ಒಬ್ಬರ ಕೇಬಲ್ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಸಲೀಸಾಗಿ ಕೂರುತ್ತದೆ. ಕಂಪನಿ ಒಂದೇ ಆದರೂ ನಂಬುವ ಹಾಗಿಲ್ಲ. ಕೋರ್ಸೇರ್ ತನ್ನ ಕೇಬಲ್‌ಗಳನ್ನು ಟೈಪ್ 3, ಟೈಪ್ 4, ಟೈಪ್ 5 ಎಂದು ವಿಂಗಡಿಸಿ, ಯಾವುದು ಯಾವ ಮಾದರಿಗೆ ಎಂಬ ಪಟ್ಟಿಯನ್ನೇ ಪ್ರಕಟಿಸುವುದು ಇದೇ ಕಾರಣಕ್ಕೆ. ಮಾಡ್ಯುಲರ್ ಕೇಬಲ್‌ಗಳ ತಂತಿಗಳು ಈಗ ಬಹುತೇಕ ಕಪ್ಪು ಬಣ್ಣದವೇ ಆದ್ದರಿಂದ, ಹಳದಿ ಎಂದರೆ 12, ಕೆಂಪು ಎಂದರೆ 5 ಎಂದು ಹಿಂದಿನಂತೆ ಕಣ್ಣಳತೆಯಲ್ಲಿ ಹಿಡಿಯುವುದಕ್ಕೂ ಆಗುವುದಿಲ್ಲ.

ನನ್ನ ಯಂತ್ರದಲ್ಲಿ ಆದದ್ದು 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋದದ್ದು. ಬಟನ್ ಒತ್ತಿದ ಕೂಡಲೇ ಫ್ಯಾನ್ ಕಾಲು ಸುತ್ತು ಅಲುಗಿ ನಿಂತಿತು, ಎಸ್‌ಎಂಪಿಎಸ್ ಒಳಗೆ ಟಿಕ್ ಎಂಬ ಸಣ್ಣ ಶಬ್ದ ಬಂತು. ಆತ ಮತ್ತೆ ಒತ್ತಿದ, ಅದೇ. ಸುಟ್ಟ ವಾಸನೆ ತೀರಾ ತೆಳುವಾಗಿ, ಡ್ರೈವ್ ಗೂಡಿನ ಕಡೆಯಿಂದ ಬರುತ್ತಿತ್ತು. ಇಷ್ಟಾದ ಮೇಲೆ ಆತನ ತೀರ್ಪು ಬದಲಾಗಿ, ಹೋಗಿರುವುದು ಮದರ್‌ಬೋರ್ಡು ಎಂದಾಯಿತು.

ಮದರ್‌ಬೋರ್ಡ್ ಹೋಗಿರಲಿಲ್ಲ. ಪುಣೆಯಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆಯೇ, “ಮಾಮಾ, ಕೇಬಲ್ಲೂ ಚೇಂಜ್ ಮಾಡಿದ್ರಾ, ಬರೀ ಬಾಕ್ಸ್ ಅಷ್ಟೇನಾ?” ಎಂದು. ವೀಡಿಯೊ ಕರೆಯಲ್ಲಿ ಕ್ಯಾಬಿನೆಟ್ಟಿನ ಹಿಂಬದಿ ತೋರಿಸಿದ ಮೇಲೆ ಸಾಟಾ ವಿದ್ಯುತ್ ಕೇಬಲ್ಲನ್ನು ಎಸ್‌ಎಂಪಿಎಸ್ ತುದಿಯಲ್ಲಿ ಕಳಚಿಸಿದ, ಹೊಸ ರ‍್ಯಾಮ್ ಕಡ್ಡಿಗಳನ್ನೂ ತೆಗೆಸಿದ, ಒಂದೇ ಒಂದು ಹಳೆಯ ಕಡ್ಡಿಯನ್ನು ಬೋರ್ಡಿನ ಕೈಪಿಡಿ ಹೇಳುವ ಎ2 ಜಾಗದಲ್ಲಿ ಇಡಿಸಿದ. ಬಟನ್ ಒತ್ತಿದೆವು. ಫ್ಯಾನ್ ನಿಲ್ಲಲಿಲ್ಲ. ಪರದೆ ಕಪ್ಪಾಗಿತ್ತು, ಮುಟ್ಟದೆ ಕಾದೆವು, ಸ್ವಲ್ಪ ಹೊತ್ತಿಗೆ ತಯಾರಕರ ಲಾಂಛನ ಮೂಡಿತು. ಮುಂದೆ ನಾಲ್ಕೂ ಕಡ್ಡಿಗಳನ್ನು ಹಾಕಿ, ಇನ್ನಷ್ಟು ದೀರ್ಘವಾಗಿ ಕಾದಾಗ ಅದೂ ನಡೆಯಿತು. ಹಳೆಯ ಎಸ್‌ಎಂಪಿಎಸ್‌ಅನ್ನು ಅದರದೇ ಕೇಬಲ್‌ಗಳೊಂದಿಗೆ ಮತ್ತೆ ಕೂರಿಸಿದರೂ ನಡೆಯಿತು.

ಫ್ಯಾನ್ ಅಲುಗಿ ನಿಲ್ಲುತ್ತಿದ್ದುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಲಕ್ಷಣ ಕಂಡರೆ ಮದರ್‌ಬೋರ್ಡಿಗೆ ದುಡ್ಡು ಸುರಿಯುವವರು ಬಹಳ. ಹಾರ್ಡ್ ಡಿಸ್ಕಿನ ತಳದಲ್ಲಿರುವ ಹಸಿರು ಬೋರ್ಡಿನ ಮೇಲೆ, ವಿದ್ಯುತ್ ಒಳಬರುವ ಜಾಗದ ಪಕ್ಕದಲ್ಲೇ, ಟಿವಿಎಸ್ ಡಯೋಡ್ ಎಂಬ ಕಪ್ಪು ಬಿಡಿಭಾಗಗಳು ಸಾಮಾನ್ಯವಾಗಿ ಇರುತ್ತವೆ. 5 ವೋಲ್ಟಿಗೊಂದು, 12 ವೋಲ್ಟಿಗೊಂದು. ಮಿತಿ ಮೀರಿದ ವೋಲ್ಟೇಜ್ ಬಂದಾಗ ಅವು ತಾವು ಶಾರ್ಟ್ ಆಗಿ, ಹಿಂದಿರುವ ಚಿಪ್ಪುಗಳನ್ನು ಕಾಯುತ್ತವೆ. ಶಾರ್ಟ್ ಕಂಡ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಕ್ಷಣ ಬಂದ್ ಆಗುತ್ತದೆ. ಹೀಗಾಗಿ ಆ ಡಿಸ್ಕ್ ತಗುಲಿಕೊಂಡಿರುವಷ್ಟು ಹೊತ್ತೂ ಇಡೀ ಕಂಪ್ಯೂಟರ್ ಸತ್ತಂತೆ ಕಾಣುತ್ತದೆ. ಸಾಟಾ ಕೇಬಲ್ ಕಳಚಿದರೆ ಜೀವ ಬರುತ್ತದೆ. ಮದರ್‌ಬೋರ್ಡಿನ ಮೇಲೆಯೇ ಕೂರುವ ಎಂ.2 ಡ್ರೈವಿಗೆ ವಿದ್ಯುತ್ ಬೋರ್ಡಿನಿಂದಲೇ 3.3 ವೋಲ್ಟಿನಲ್ಲಿ ಹೋಗುವುದರಿಂದ ಅದಕ್ಕೆ ಏನೂ ಆಗಿರಲಿಲ್ಲ. 5 ವೋಲ್ಟಿನಲ್ಲೇ ಬದುಕುವ 2.5 ಇಂಚಿನ ಎಸ್‌ಎಸ್‌ಡಿಗೆ ಆ ಅದೃಷ್ಟವಿರಲಿಲ್ಲ.

ಹಾರ್ಡ್ ಡಿಸ್ಕ್ ಹೀಗೆ ಹೋದಾಗ ಒಳಗಿನ ತಟ್ಟೆಗಳೂ ಅವುಗಳ ಮೇಲಿನ ಕಡತಗಳೂ ಬಹುಪಾಲು ಕ್ಷೇಮವಾಗಿರುತ್ತವೆ. ಅಂಗಡಿಯವರು “ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡ್ ಹಾಕಿ ನೋಡೋಣ” ಎಂದರು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿಗೇ ಸೀಮಿತವಾದ ಹೊಂದಾಣಿಕೆಯ ಮಾಹಿತಿ ಬೋರ್ಡಿನ ಮೇಲಿರುವ ರಾಮ್ (ROM) ಚಿಪ್ಪಿನಲ್ಲಿರುತ್ತದೆ, ಇದು ನೆನಪಿನ ರ‍್ಯಾಮ್ ಅಲ್ಲ, ಓದಲು ಮಾತ್ರ ಬರುವ ಸ್ಮೃತಿ. ಅದನ್ನು ವರ್ಗಾಯಿಸದೆ ಬೋರ್ಡನ್ನಷ್ಟೇ ಬದಲಿಸಿದರೆ ಸಾಮಾನ್ಯವಾಗಿ ಡಿಸ್ಕ್ ಓದುವುದಿಲ್ಲ. ದತ್ತಾಂಶ ಮರುಪಡೆಯುವ ಕೆಲಸವನ್ನೇ ಮಾಡುವವರ ಬಳಿಗೆ ಬೆಂಗಳೂರಿಗೆ ಕಳಿಸಿದೆ. ಅವರು ಶಾರ್ಟ್ ಆದ ಡಯೋಡನ್ನು ತೆಗೆದು, ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿ ಕೊಟ್ಟರು. ಎಸ್‌ಎಸ್‌ಡಿಯ ಕಂಟ್ರೋಲರ್ ಚಿಪ್ಪೇ ಸುಟ್ಟಿದ್ದರಿಂದ ಅದರಲ್ಲಿದ್ದುದು ಸಿಗಲಿಲ್ಲ. ಅರ್ಧ ಮುಗಿದಿದ್ದ ಒಂದು ಆತ್ಮಕಥನದ ಪುಟಗಳನ್ನು ಕರಡಿನ ಅಚ್ಚುಪ್ರತಿ ಇಟ್ಟುಕೊಂಡು ಮತ್ತೆ ಕೂರಿಸಿದೆ.

ಅಂಗಡಿಯವರ ವಾದ ಎರಡು ಬಗೆಯದಾಗಿತ್ತು. ಮೊದಲಿಗೆ, ಡಿಸ್ಕ್ ಹಳೆಯದು, ಯಾವಾಗಲಾದರೂ ಹೋಗುವಂಥದ್ದೇ ಎಂದರು. ಎರಡು ಡ್ರೈವ್‌ಗಳು ಒಂದೇ ಕ್ಷಣದಲ್ಲಿ, ಒಂದೇ ಕೇಬಲ್ಲಿನಲ್ಲಿ ಏಕೆ ಹೋದವು ಎಂದು ಕೇಳಿದ ಮೇಲೆ, ಮನೆಯ ಯುಪಿಎಸ್ ಸರಿಯಿಲ್ಲ ಎಂದರು. ಕೊನೆಗೆ ಎಸ್‌ಎಂಪಿಎಸ್ ಹಣ ಹಿಂದಿರುಗಿಸಿದರು. ಡ್ರೈವ್‌ಗಳ ಮಾತೆತ್ತಿದರೆ ಉತ್ತರವಿಲ್ಲ. ಇಂಥ ಸಂದರ್ಭಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಸೇವಾ ನ್ಯೂನತೆಯ ದೂರಿಗೆ ಅವಕಾಶವಿದೆ. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಜಿಲ್ಲಾ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ಕಾಗದ ಬೇಕು. ಮನೆಗೆ ಬಂದು ರಿಪೇರಿ ಮಾಡಿದ್ದಕ್ಕೆ ಪ್ರತ್ಯೇಕ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಯಾವ ಭಾಗ ತೆಗೆದರು, ಯಾವುದು ಹಾಕಿದರು ಎಂದು ಬರೆಸಿ. ಕ್ಯಾಬಿನೆಟ್ ತೆರೆದ ಕೂಡಲೇ ಒಳಗಿನ ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಕಂಪ್ಯೂಟರ್ ಚಾಲೂ ಆಗದಿದ್ದರೆ ಎಸ್‌ಎಂಪಿಎಸ್ ಮೇಲೆ ಅಪವಾದ ಹೊರಿಸುವ ಮೊದಲು ನೋಡಬೇಕಾದವು ಕೆಲವಿವೆ. ಪೆಟ್ಟಿಗೆಯ ಹಿಂದಿನ ಸ್ವಿಚ್, ಪ್ರೊಸೆಸರಿನ 8 ಪಿನ್ ಕೇಬಲ್ ಪೂರ್ತಿ ಕೂತಿದೆಯೇ ಎಂಬುದು, ಬೋರ್ಡಿನ ನಾಲ್ಕು ದೀಪಗಳಲ್ಲಿ ಯಾವುದು ಉರಿಯುತ್ತಿದೆ ಎಂಬುದು. ರ‍್ಯಾಮಿನ ದೀಪವಾದರೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟು ನೋಡಿ. ಆಗಲೂ ಆಗದಿದ್ದರೆ ಒಂದೇ ಕಡ್ಡಿಯಲ್ಲಿ ನೋಡಿ. ಫ್ಯಾನ್ ಅಲುಗಿ ನಿಲ್ಲುತ್ತಿದ್ದರೆ ಬಟನ್ ಮತ್ತೆ ಮತ್ತೆ ಒತ್ತಬೇಡಿ, ಗೋಡೆಯ ಸ್ವಿಚ್ ಆರಿಸಿ ಡ್ರೈವ್‌ಗಳ ಕೇಬಲ್ ಮೊದಲು ಕಳಚಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯಬಾರದು; ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಎಸ್‌ಎಂಪಿಎಸ್ ಬದಲಿಸಲೇಬೇಕಾಗಿ ಬಂದರೆ ಹಳೆಯ ಕೇಬಲ್‌ಗಳೆಲ್ಲ ಹೊರಗೆ ಬಿದ್ದ ಮೇಲೆಯೇ ಹೊಸದು ಒಳಗೆ ಹೋಗಲಿ. ಈಗಾಗಲೇ ಯಾರೋ ಬದಲಿಸಿ ಹೋಗಿದ್ದು ಅನುಮಾನವಿದ್ದರೆ, ಡ್ರೈವ್‌ಗಳನ್ನು ಕಳಚಿಟ್ಟು, ಬಲ್ಲವರಿಂದ ಮಲ್ಟಿಮೀಟರಿನಲ್ಲಿ ಅಳೆಸಿ. ಸಾಟಾ ವಿದ್ಯುತ್ ಕನೆಕ್ಟರಿನಲ್ಲಿ 15 ಸಂಪರ್ಕಗಳಿವೆ. ಯಾವ ತುದಿಯಿಂದ ಎಣಿಸಿದರೂ ನಟ್ಟನಡುವಿನ ಮೂರು, ಅಂದರೆ 7, 8 ಮತ್ತು 9, 5 ವೋಲ್ಟಿನವು. ಅಲ್ಲಿ 4.75ರಿಂದ 5.25ರ ಒಳಗೆ ತೋರಿಸಬೇಕು. ಸಂಪರ್ಕಗಳು ತೀರಾ ಒತ್ತೊತ್ತಾಗಿರುವುದರಿಂದ ಮೀಟರಿನ ಮೊನೆ ಪಕ್ಕದ್ದಕ್ಕೆ ತಾಗಿ ಶಾರ್ಟ್ ಆಗದಂತೆ ನೋಡಿಕೊಳ್ಳಬೇಕು.

ಮದರ್‌ಬೋರ್ಡಿನ ಕಡೆ ಸೇರಿಸುವ ಬಣ್ಣದ ಎಕ್ಸ್‌ಟೆನ್ಷನ್ ಕೇಬಲ್‌ಗಳಿಗೆ ಈ ತೊಂದರೆ ಇಲ್ಲ, ಅವುಗಳ ಎರಡೂ ತುದಿ ಮಾನಕದ ಪ್ರಕಾರವೇ ಇರುತ್ತವೆ. ಸೆಕೆಂಡ್ ಹ್ಯಾಂಡ್ ಮಾಡ್ಯುಲರ್ ಎಸ್‌ಎಂಪಿಎಸ್‌ಗಳ ವಿಷಯದಲ್ಲಿ ಮಾತ್ರ ಜಾಗ್ರತೆ: ಕೇಬಲ್‌ಗಳಿಲ್ಲದೆ ಪೆಟ್ಟಿಗೆಯನ್ನಷ್ಟೇ ಮಾರುವವರೂ, ಬೇರೆ ಬೇರೆ ಮಾದರಿಗಳ ಕೇಬಲ್‌ಗಳನ್ನು ಒಂದೇ ಚೀಲಕ್ಕೆ ತುಂಬಿ ಕೊಡುವವರೂ ಇದ್ದಾರೆ. ಕೇಬಲ್ ಅದೇ ಮಾದರಿಯದು ಎಂದು ಖಚಿತವಾಗದಿದ್ದರೆ ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ.