ಅವ್ವನನ್ನು ಬೆಂಗಳೂರಿಗೆ ಕರೆದೊಯ್ಯಲು: ಬಸ್ಸು, ರೈಲು, ಟ್ರೂಜೆಟ್

2018ರಲ್ಲಿ ಅವ್ವನ ಎರಡೂ ಮೊಣಕಾಲಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿಂದ ತಪಾಸಣೆಗೆ ಅಂತ ಜಯನಗರಕ್ಕೆ ಓಡಾಟ ಶುರು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಬೆಂಗಳೂರು 300 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ. ಬಸ್ಸು, ರೈಲು, ವಿಮಾನ ಮೂರರಲ್ಲೂ ಆಕೆಯನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಯಾವುದು ಒಳ್ಳೆಯದು ಅಂತ ನೆಂಟರು ಈಗಲೂ ಕೇಳುತ್ತಾರೆ. ನೋವಿರುವ ಮನುಷ್ಯರನ್ನು ಜೊತೆಗೆ ಕರೆದೊಯ್ಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ಮೇಲೆ ಆರೇಳು ತಾಸು. ಯಾವಾಗ ಬೇಕಾದರೂ ಸಿಗುತ್ತದೆ, ಅದೇ ಅದರ ದೊಡ್ಡ ಗುಣ. ಒಬ್ಬನೇ ಹೋಗುವಾಗ ನಾನು ಈಗಲೂ ಬಸ್ಸೇ ಹತ್ತುತ್ತೇನೆ. ಆದರೆ ಅವ್ವನ ಜೊತೆ ಒಮ್ಮೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಸೀಟು ಅಂತ ಹೇಳಿ ದುಡ್ಡು ಕಟ್ಟಿದ್ದೆ. ಹತ್ತಿದ ಮೇಲೆ ಮೇಲಿನದನ್ನು ಕೊಟ್ಟರು. ಮೊಣಕಾಲು ಮಡಚಲು ಬಾರದವಳು ಆ ಕಬ್ಬಿಣದ ಏಣಿ ಹತ್ತುವುದು ಹೇಗೆ? ಕೆಳಗಿದ್ದ ಹುಡುಗನೊಬ್ಬ ತಾನೇ ಎದ್ದು ಜಾಗ ಬಿಟ್ಟ. ಆ ಹುಡುಗನನ್ನು ನಾನು ಮರೆತಿಲ್ಲ. ಆಮೇಲೆ ಅವ್ವನನ್ನು ರಾತ್ರಿ ಬಸ್ಸಿಗೆ ಹತ್ತಿಸಿಲ್ಲ.

ವಿಮಾನ ನಮ್ಮ ಪಾಲಿಗೆ ಬಂದದ್ದು 2017ರಲ್ಲಿ. ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಕಂಪನಿ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಹಾರಾಟ ಶುರು ಮಾಡಿತು. ಅದು ಹೈದರಾಬಾದಿನ ಕಂಪನಿ, 2015ರ ಜುಲೈನಲ್ಲಿ ಹುಟ್ಟಿದ್ದು. ಸಿನಿಮಾ ನಟ ರಾಮ್ ಚರಣ್ ಅದರಲ್ಲಿದ್ದಾರೆ ಅನ್ನುವ ಕಾರಣಕ್ಕೇ ನಮ್ಮ ಬಳ್ಳಾರಿ ಹುಡುಗರಿಗೆ ಆ ಹೆಸರು ಮೊದಲೇ ಗೊತ್ತಿತ್ತು. ಉಡಾನ್ ಲೆಕ್ಕದಲ್ಲಿ ಒಂದು ತಾಸಿನ ಹಾರಾಟಕ್ಕೆ ಅರ್ಧದಷ್ಟು ಸೀಟುಗಳಿಗೆ ಸುಮಾರು 2,500 ರೂಪಾಯಿಯ ಮಿತಿ ಇತ್ತು. ಮೊದಲೇ ಬುಕ್ ಮಾಡಿದವರಿಗೆ ಆ ಸೀಟು ಸಿಗುತ್ತಿತ್ತು, ನಾನೂ ಹಾಗೇ ಮಾಡುತ್ತಿದ್ದೆ.

ಸಮಯದ ಲೆಕ್ಕ ಮಾತ್ರ ಸರಿಯಾಗಿ ಹಾಕಬೇಕು. ಹಾರಾಟ ಒಂದು ತಾಸು ಅಂತ ಕೇಳಿ ಮೋಸ ಹೋಗಬೇಡಿ. ಮನೆಯಿಂದ ತೋರಣಗಲ್ಲಿಗೆ 30 ಕಿಲೋಮೀಟರ್, ಅದಿರು ಲಾರಿಗಳ ಮಧ್ಯೆ ಮುಕ್ಕಾಲು ತಾಸು. ಅಲ್ಲಿ ಒಂದು ತಾಸು ಮೊದಲೇ ಇರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಜಯನಗರ ಮುಟ್ಟಲು ಇನ್ನೆರಡು ತಾಸು. ಎಲ್ಲಾ ಸೇರಿ ಐದು ತಾಸು. ಅಂದರೆ ಬಸ್ಸಿಗಿಂತ ಉಳಿದದ್ದು ಒಂದೆರಡು ತಾಸು ಅಷ್ಟೇ. ಅಷ್ಟಕ್ಕೆ ಅಷ್ಟು ದುಡ್ಡು ಯಾಕೆ ಅಂತ ನಮ್ಮಣ್ಣ ಕೇಳಿದ್ದ.

ಯಾಕೆ ಅಂದರೆ, ಅದು ಎಟಿಆರ್ 72. ಎಪ್ಪತ್ತು ಸೀಟಿನ ಆಸುಪಾಸಿನ, ರೆಕ್ಕೆಯ ಮೇಲೆ ದೊಡ್ಡ ಫ್ಯಾನಿನ ಹಾಗೆ ಪಂಖ ತಿರುಗುವ ವಿಮಾನ. ನೆಲಕ್ಕೆ ಹತ್ತಿರವೇ ನಿಲ್ಲುತ್ತದೆ. ಹಿಂದಿನ ಬಾಗಿಲು ಕೆಳಗೆ ಮಡಚಿಕೊಂಡರೆ ಅದೇ ಮೆಟ್ಟಿಲು, ಅದೂ ನಾಲ್ಕೈದು ಅಷ್ಟೇ. ಅವ್ವ ಕಂಬಿ ಹಿಡಿದು ತಾನೇ ಹತ್ತಿದಳು, ನನ್ನ ಕೈ ಬೇಡ ಅಂದಳು. ಆಪರೇಷನ್ ಆದ ಮೇಲೆ ಆಕೆ ಯಾರ ಕೈಯೂ ಹಿಡಿಯದೆ ಹತ್ತಿದ ಮೊದಲ ಮೆಟ್ಟಿಲು ಅದು. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗೆ ಪೂರ್ತಿ ಕಾಣುತ್ತದೆ. ಸಂಡೂರಿನ ಕೆಂಪು ಗುಡ್ಡ ನೋಡಿ, 'ಎಷ್ಟು ಅಗದಾರ ನೋಡಪ್ಪ' ಅಂತ ತುಂಬಾ ಹೊತ್ತು ಮರುಗಿದಳು. ಜಯನಗರ ಮುಟ್ಟಿದಾಗ ಆಕೆಗೆ ಕಾಲು ಬಾತಿರಲಿಲ್ಲ. ಡಾಕ್ಟರ ಹತ್ತಿರ ನಡೆದುಕೊಂಡೇ ಹೋದಳು. ಇದಕ್ಕೆ ನಾನು ದುಡ್ಡಿನಲ್ಲಿ ಬೆಲೆ ಕಟ್ಟಲಾರೆ.

ರೈಲು ಅಂದರೆ ನಮಗೆ ಹಂಪಿ ಎಕ್ಸ್‌ಪ್ರೆಸ್. ಗುಂತಕಲ್, ಅನಂತಪುರ, ಧರ್ಮಾವರ ಅಂತ ಆಂಧ್ರದೊಳಗೆ ಸುತ್ತು ಹಾಕಿ ಹೋಗುತ್ತದೆ. ಆದರೂ ರಾತ್ರಿ ಮಲಗಿದರೆ ಬೆಳಗ್ಗೆ ಊರ ಮಧ್ಯದಲ್ಲೇ ಇಳಿಯುತ್ತೀರಿ, ದೇವನಹಳ್ಳಿಯ ಎರಡು ತಾಸಿನ ಕಾಟ ಇಲ್ಲ. ಒಂದು ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ನಾವಿಬ್ಬರೂ ಸ್ಲೀಪರಿನಲ್ಲಿ ಹೋಗಿ ಬಂದು ಇನ್ನೂ ಉಳಿಯುತ್ತದೆ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಬುಕ್ ಮಾಡುವಾಗ ಅದನ್ನು ಬಿಡಬೇಡಿ. ಕಷ್ಟ ಇರುವುದು ಎರಡೇ ಕಡೆ: ಹತ್ತುವಾಗಿನ ಎತ್ತರದ ಮೆಟ್ಟಿಲು, ಓಡುವ ರೈಲಿನ ಶೌಚಾಲಯ. ಅವ್ವ ಅದಕ್ಕಾಗಿ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ಅದು ನನಗೆ ನೋವು ಕೊಡುತ್ತದೆ.

ಹಾಗಾದರೆ ವಿಮಾನವೇ ಗೆದ್ದಿತು ಅಲ್ವಾ ಅಂತ ಕೇಳಬಹುದು. 2022ರ ಫೆಬ್ರವರಿಯಲ್ಲಿ ಟ್ರೂಜೆಟ್ ನಿಂತೇ ಹೋಯಿತು. ಆರೂವರೆ ವರ್ಷದ ಬಾಳು. ಕಡಿಮೆ ದರದ ಸೀಟಿನ ನಷ್ಟ ತುಂಬಲು ಉಡಾನ್‌ನಲ್ಲಿ ಸರ್ಕಾರದ ಹಣ ಬರುತ್ತಿದ್ದದ್ದು ಒಂದು ದಾರಿಗೆ ಮೂರು ವರ್ಷ ಮಾತ್ರ. ನಮ್ಮ ದಾರಿಗೆ ಆ ಮೂರು ವರ್ಷ ಮುಗಿಯುವ ಹೊತ್ತಿಗೆ ಕೊರೊನಾ ಬಂತು. 2020ರ ಮಾರ್ಚ್ ಕೊನೆಯಿಂದ ಎರಡು ತಿಂಗಳು ದೇಶದಲ್ಲಿ ಪ್ರಯಾಣಿಕ ವಿಮಾನವೇ ಹಾರಲಿಲ್ಲ. ಬಾಡಿಗೆಗೆ ತಂದ ವಿಮಾನ ಸುಮ್ನೆ ನಿಂತರೂ ಬಾಡಿಗೆ ನಿಲ್ಲುವುದಿಲ್ಲ, ಅದೂ ಡಾಲರಿನಲ್ಲಿ. ದೊಡ್ಡ ಕಂಪನಿ ಒಂದು ದಾರಿಯ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳುತ್ತದೆ. ಬೆರಳೆಣಿಕೆಯ ವಿಮಾನ ಇರುವವರು ಎಲ್ಲಿಂದ ತುಂಬಬೇಕು? ಏರ್ ಡೆಕ್ಕನ್ ಕೂಡ ಇಂಥದೇ ಎಟಿಆರ್‌ನಲ್ಲಿ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಶುರುವಾಯಿತು. ಐದು ವರ್ಷದಲ್ಲಿ ಕಿಂಗ್‌ಫಿಶರ್ ಜೊತೆ ಸೇರಿತು. 2012ರಲ್ಲಿ ಆ ಕಿಂಗ್‌ಫಿಶರ್ ಕೂಡ ನೆಲಕ್ಕಿಳಿಯಿತು.

ವಿದ್ಯಾನಗರಕ್ಕೆ ಆಮೇಲೆ ಬೇರೆ ಕಂಪನಿಯ ವಿಮಾನಗಳೂ ಬಂದವು. ಬುಕ್ ಮಾಡುವ ಮುಂಚೆ ಆ ವಾರದ ವೇಳಾಪಟ್ಟಿ ನೋಡಿಕೊಳ್ಳಿ. ಡಾಕ್ಟರ ದಿನಾಂಕ ಮೊದಲೇ ಗೊತ್ತಿದ್ದು ಆ ದಿನ ವಿಮಾನ ಇದ್ದರೆ, ಮೊಣಕಾಲು, ಸೊಂಟದ ನೋವಿನವರನ್ನು ಅದರಲ್ಲೇ ಕರೆದೊಯ್ಯಿರಿ. ಇಲ್ಲದಿದ್ದರೆ ರೈಲು. ವಿಮಾನದ ಟಿಕೆಟ್ ಇದ್ದರೂ ವಾಪಸ್ ಬರುವುದಕ್ಕೆ ರೈಲಿನದೊಂದು ಕೈಯಲ್ಲಿರಲಿ, ದಿನಕ್ಕೆ ಒಂದೇ ವಿಮಾನ ಇರುವ ಕಡೆ ತಪ್ಪಿದರೆ ಇನ್ನೊಂದಿಲ್ಲ.

ಅವ್ವನ ಮುಂದಿನ ತಪಾಸಣೆಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬುಕ್ ಮಾಡಿದ್ದೇನೆ. ಕೆಳಗಿನ ಬರ್ತ್ ಸಿಕ್ಕಿದೆ. ಈ ಸಲ ನೀರು ಕುಡಿದೇ ಹತ್ತಬೇಕು ಅಂತ ಆಕೆಗೆ ಹೇಳಿದ್ದೇನೆ.