ಪುಣೆಯಲ್ಲಿ ಆಫೀಸಿಗೆ: ಅಗ್ಗದ ಇ-ಸ್ಕೂಟರಾ, ಊರಿನ ಪೆಟ್ರೋಲ್ ಗಾಡಿಯಾ?

ಹುಬ್ಬಳ್ಳಿಯಿಂದ ಕೆಎ ನಂಬರಿನ ಗಾಡಿ ತಂದರೆ 12 ತಿಂಗಳು ಮೀರಿದ ಮೇಲೆ ಇಲ್ಲಿ ಮರುನೋಂದಣಿ ಮಾಡಿಸಬೇಕು. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಇ-ಸ್ಕೂಟರಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಆಯಿಲ್ ಬದಲಿಸುವ ರಗಳೆಯೂ ಇಲ್ಲ.

ಕೋಥ್ರೂಡ್‌ನಲ್ಲಿ ಮನೆ, ಹತ್ತಿರದ ಕರ್ವೆ ರಸ್ತೆಯಲ್ಲಿ ಕೆಲಸ ಅಂದ್ರೆ ಈ ಇ-ಸ್ಕೂಟರ್ ಧಾರಾಳವಾಗಿ ಸಾಕು. ಆದರೆ ದಿನಾ ಕಾತ್ರಜ್ ಘಾಟ್ ಹತ್ತುವವರಿಗೆ ನಾನು ಪೆಟ್ರೋಲ್ ಗಾಡಿಯನ್ನೇ ಹೇಳುತ್ತೇನೆ. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಈ ಮೋಟರ್ ಸೋಲುತ್ತದೆ. ಹೆದ್ದಾರಿಯಲ್ಲಂತೂ ಲಾರಿಗಳ ನಡುವೆ 25ರ ವೇಗ ಅಪಾಯ, ಅಲ್ವಾ?

ಲೆಡ್-ಆಸಿಡ್ ಬ್ಯಾಟರಿ ಅಗ್ಗ, ಆದರೆ ಭಾರ ಜಾಸ್ತಿ, ಬಾಳಿಕೆ ಕಮ್ಮಿ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಲಿಥಿಯಂ ತಗೊಳ್ಳಿ. ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲದಿದ್ದರೆ, ಬ್ಯಾಟರಿ ಬಿಚ್ಚಿ ಮೂರನೇ ಮಹಡಿಗೆ ಒಯ್ಯಲಾಗುತ್ತದಾ ಎಂದು ಅಂಗಡಿಯಲ್ಲೇ ಎತ್ತಿ ನೋಡಿ.